ಮೂಲೆಯ ಕುರ್ಚಿಗೂ ಕಿವಿಯಿದೆ

ಹೋಂ ಥಿಯೇಟರ್ ಎಂಬ ಹೆಸರಿನಲ್ಲಿ ಎರಡು ಸುಳ್ಳುಗಳಿವೆ. ಅದು ಇಡೀ ಮನೆಯದ್ದೂ ಅಲ್ಲ, ಥಿಯೇಟರೂ ಅಲ್ಲ. ನಮ್ಮ ನಡುವಿನ ಬಹುಪಾಲು ಹೋಂ ಥಿಯೇಟರುಗಳು ಒಬ್ಬನೇ ಒಬ್ಬ ಮನುಷ್ಯನಿಗಾಗಿ ಕಟ್ಟಿದವು. ಸೋಫಾದ ನಟ್ಟನಡುವೆ ರಿಮೋಟ್ ಹಿಡಿದು ಕೂರುವವನ ಎರಡು ಕಿವಿಗಳೇ ಅಲ್ಲಿ ಅಳತೆಗೋಲು. ಉಳಿದವರು ಅವನ ಸುಖದ ಅಂಚಿನಲ್ಲಿ ಕೂತು ಗದ್ದಲ ಸಹಿಸಬೇಕು. ಗೋಡೆಗೆ ಸ್ಪೀಕರ್ ಹಾಕುವುದು ಎಲೆಕ್ಟ್ರಿಶಿಯನ್ ಕೆಲಸ, ಸಾಹಿತ್ಯದವರಿಗೆ ಅದರಲ್ಲೇನಿದೆ ಎಂದು ಮೂಗು ಮುರಿಯುವವರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ: ಸರೌಂಡ್ ಸ್ಪೀಕರುಗಳನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾರ ಕಡೆ ಮುಖ ಮಾಡಿ ತೂಗುಹಾಕುತ್ತೇವೆ ಎಂಬುದು ಆ ಮನೆಯಲ್ಲಿ ಯಾರ ಕಿವಿಗೆ ಬೆಲೆಯಿದೆ ಎಂಬುದರ ತೀರ್ಮಾನ.

ಸುತ್ತಲಿನಿಂದ ಶಬ್ದ ಬರಬೇಕೆಂಬ ಆಸೆ ಸಿನಿಮಾದಲ್ಲಿ ಹಳೆಯದು. 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಫ್ಯಾಂಟಾಸೌಂಡ್ ಎಂಬ ವ್ಯವಸ್ಥೆಯನ್ನೇ ಹುಟ್ಟಿಸಿದರು. 1979ರ 'ಅಪೋಕ್ಯಾಲಿಪ್ಸ್ ನೌ' ಚಿತ್ರದ 70 ಎಂಎಂ ಪ್ರದರ್ಶನಗಳಲ್ಲಿ ಎಡ ಮತ್ತು ಬಲ ಸರೌಂಡುಗಳು ಬೇರೆ ಬೇರೆಯಾದವು. ವಾಲ್ಟರ್ ಮರ್ಚ್ ಹೆಲಿಕಾಪ್ಟರನ್ನು ಪ್ರೇಕ್ಷಕರ ಸುತ್ತ ಹಾರಿಸಿದ. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಬಂತು, 2012ರ 'ಬ್ರೇವ್' ಜೊತೆ ತಲೆಯ ಮೇಲಿನಿಂದಲೂ ಕೇಳಿಸುವ ಡಾಲ್ಬಿ ಅಟ್ಮಾಸ್ ಬಂತು. ಆದರೆ ಈ ಇತಿಹಾಸ ಹೇಳುವವರು ಒಂದು ಸಣ್ಣ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಚಿತ್ರಮಂದಿರದಲ್ಲಿ ಸರೌಂಡ್ ಎಂದರೆ ಒಂದೆರಡು ಪೆಟ್ಟಿಗೆಗಳಲ್ಲ. ಎರಡೂ ಬದಿಯ ಗೋಡೆ, ಹಿಂಗೋಡೆಯ ಉದ್ದಕ್ಕೂ ಸಾಲಾಗಿ, ಸಾಕಷ್ಟು ಎತ್ತರದಲ್ಲಿ ಸ್ಪೀಕರುಗಳನ್ನು ಕೂರಿಸಿರುತ್ತಾರೆ. ಕಾರಣ ಸರಳ. ಗೋಡೆಗೆ ಅಂಟಿಕೊಂಡ ಸೀಟು ಸಿಕ್ಕವನೂ ಅದೇ ದುಡ್ಡು ಕೊಟ್ಟು ಬಂದಿದ್ದಾನೆ. ಅವನ ಕಿವಿಗೆ ಒಂದೇ ಸ್ಪೀಕರ್ ಒದರಬಾರದು.

ಈ ಸಾಲು ಮನೆಗೆ ಬರುವಾಗ ಎರಡು ಪೆಟ್ಟಿಗೆಗಳಾಗಿ ಕುಗ್ಗಿತು. ಅದರ ಜೊತೆಗೇ 'ಸ್ವೀಟ್ ಸ್ಪಾಟ್' ಎಂಬ ಮಾತು ಬಂತು. ಎಲ್ಲ ಶಬ್ದವೂ ಸರಿಯಾಗಿ ಕೂಡಿ ಕೇಳುವ ಆ ಒಂದು ಜಾಗಕ್ಕೆ ಈ ಹೆಸರು. ನಾನು ನೋಡಿದ ಮನೆಗಳಲ್ಲೆಲ್ಲ ಆ ಜಾಗ ಯಾರದ್ದೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಮನೆಯ ಯಜಮಾನರು ನಡುವೆ. ಅಡುಗೆಮನೆಗೆ ಎದ್ದು ಹೋಗಬೇಕಾದವರು ಸೋಫಾದ ತುದಿಗೆ. ಮಂಡಿ ನೋವಿನ ಅಜ್ಜಿ ಗೋಡೆ ಬದಿಯ ಕುರ್ಚಿಗೆ. ಸರಿಯಾಗಿ ಆ ಕುರ್ಚಿಯ ಪಕ್ಕದಲ್ಲೇ, ಕಿವಿಯಿಂದ ಎರಡು ಅಡಿ ದೂರದಲ್ಲಿ, ಸರೌಂಡ್ ಸ್ಪೀಕರ್.

ಸ್ವಲ್ಪ ಲೆಕ್ಕ ಹಾಕೋಣ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಂತೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಎಡಗೋಡೆಯ ಸ್ಪೀಕರ್ ಕಿವಿಯ ಮಟ್ಟದಲ್ಲಿದೆ, ಅಜ್ಜಿ ಅದರಿಂದ 2 ಅಡಿ, ಸೋಫಾದ ಆಚೆ ತುದಿಯ ಮೊಮ್ಮಗಳು 10 ಅಡಿ ದೂರದಲ್ಲಿದ್ದಾರೆ ಅನ್ನಿ. ಇಬ್ಬರಿಗೂ ಕೇಳುವ ಮಟ್ಟದಲ್ಲಿ ಸುಮಾರು 14 ಡೆಸಿಬಲ್ ಅಂತರ. ಅದೇ ಸ್ಪೀಕರನ್ನು 3 ಅಡಿ ಮೇಲಕ್ಕೆ ಸರಿಸಿದರೆ ಅಜ್ಜಿಯಿಂದ ದೂರ 3.6 ಅಡಿಯಾಗುತ್ತದೆ, ಮೊಮ್ಮಗಳಿಂದ 10.4 ಅಡಿ. ಅಂತರ 9 ಡೆಸಿಬಲ್‌ಗೆ ಇಳಿಯುತ್ತದೆ. ಕೋಣೆಯಲ್ಲಿ ಪ್ರತಿಫಲನಗಳೂ ಸೇರುವುದರಿಂದ ಅಂಕಿಗಳು ಇಷ್ಟೇ ಇರಲಾರವು. ದಿಕ್ಕು ಮಾತ್ರ ಬದಲಾಗದು. 5.1 ವ್ಯವಸ್ಥೆಯಲ್ಲಿ ಸರೌಂಡುಗಳು ಕೂತವರ ಕಿವಿಗಿಂತ ಎರಡು ಮೂರು ಅಡಿ ಮೇಲಿರಲಿ ಎಂಬ ಹಳೆಯ ಸಲಹೆಯ ಹಿಂದೆ ಇರುವುದು ಇದೇ ನ್ಯಾಯ. ಹೊಸ ಅಟ್ಮಾಸ್ ವ್ಯವಸ್ಥೆಯಲ್ಲಿ ಮೇಲಿನ ಶಬ್ದಕ್ಕೆ ಬೇರೆ ಸ್ಪೀಕರುಗಳಿರುವುದರಿಂದ ಬದಿಯವನ್ನು ಕಿವಿಯ ಮಟ್ಟಕ್ಕೆ ಇಳಿಸಿ ಎನ್ನುತ್ತಾರೆ. ತಾಂತ್ರಿಕವಾಗಿ ಅದು ಸರಿಯೇ. ಆದರೆ ಗೋಡೆಗೆ ಒತ್ತಿ ಕೂತವರಿರುವ ಮನೆಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಬೆಲೆ ತೆರುವವರು ಯಾರು ಎಂಬುದನ್ನು ಆ ಚಿತ್ರಪಟ ಹೇಳುವುದಿಲ್ಲ. ಅದರಲ್ಲಿ ಇರುವುದು ಒಂದೇ ತಲೆ.

ಅಂಗಡಿಯವರ ಮಾತು ಇನ್ನೊಂದು ಬಗೆ. ನಮ್ಮ ಬಂಧುಗಳೊಬ್ಬರ ಮನೆಗೆ ಅಳತೆಗೆ ಬಂದಿದ್ದ ಷೋರೂಮಿನ ಹುಡುಗ ಮೊದಲು ನೋಡಿದ್ದು ಫಾಲ್ಸ್ ಸೀಲಿಂಗನ್ನು, ಆಮೇಲೆ ಪೇಂಟಿನ ಬಣ್ಣವನ್ನು. ಯಾರು ಎಲ್ಲಿ ಕೂರುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಸ್ಪೀಕರುಗಳನ್ನು ದೇವರ ಪಟದಂತೆ ಸೂರಿನ ಮೂಲೆಗೆ ಏರಿಸಿ, ವೈರನ್ನು ಕಾಣದಂತೆ ಕೇಸಿಂಗ್‌ನಲ್ಲಿ ಮುಚ್ಚಿ ಹೋದ. ನೋಡಲು ಚಂದ. ಮೂಲೆಗೆ ತಳ್ಳಿದ ಸ್ಪೀಕರಿನ ಶಬ್ದ ಎರಡು ಗೋಡೆ, ಒಂದು ಸೂರಿಗೆ ಬಡಿದು, ಕಲಸಿಕೊಂಡು ಬರುತ್ತದೆ. ಅದನ್ನು ಕೇಳಿದ ಮನೆಯವರು 'ಹಿಂದಿನದು ಕೇಳಿಸ್ತಾನೇ ಇಲ್ಲ' ಅಂದರು. ಮರುದಿನ ಅವನೇ ಬಂದು ಸರೌಂಡಿನ ಮಟ್ಟ ಏರಿಸಿದ. ಅಲ್ಲಿಗೆ ಆ ಮನೆಯಲ್ಲಿ ಸಂಭಾಷಣೆ ಸತ್ತಿತು.

ನನ್ನ ನಿಜವಾದ ಜಗಳ ಇರುವುದು ಇಲ್ಲಿ. ಸಿನಿಮಾದಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸೆಂಟರ್ ಸ್ಪೀಕರಿನಿಂದ. ಸರೌಂಡುಗಳ ಪಾಲಿಗೆ ಬರುವುದು ಮಳೆ, ಸಂತೆ, ಜೀರುಂಡೆ, ದೂರದ ಬಸ್ಸು. ಬಹಳ ಹೊತ್ತು ಅವು ಸುಮ್ಮನಿರಬೇಕು. ಸುಮ್ಮನಿರುವುದೇ ಅವುಗಳ ಕೆಲಸದ ದೊಡ್ಡ ಭಾಗ. ದುಡ್ಡು ಕೊಟ್ಟ ಮೇಲೆ ಎಲ್ಲವೂ ಕೇಳಿಸಲೇಬೇಕು ಎಂಬ ಹಟದಿಂದ ಅವನ್ನು ಏರಿಸಿದಾಗ ನಮ್ಮದೇ ಭಾಷೆಯ ಮಾತು ನಮಗೇ ಅರ್ಥವಾಗದ ಸ್ಥಿತಿ ಬರುತ್ತದೆ. ಕನ್ನಡ ಸಿನಿಮಾವನ್ನು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುವ ಕನ್ನಡದ ಮನೆಗಳನ್ನು ನಾನು ಕಂಡಿದ್ದೇನೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನು. ಸಕಾರ, ಶಕಾರದಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. ಅಜ್ಜಿಗೆ ಸ್ವರಗಳು ಕೇಳುತ್ತವೆ, ಪದ ಕೇಳುವುದಿಲ್ಲ. ಆಗ ನಾವು ಅವರಿಗೆ ಕಿವಿ ಮಂದ ಎನ್ನುತ್ತೇವೆ. ಅವರ ಕಿವಿಯ ಪಕ್ಕದಲ್ಲೇ ಮಳೆ ಸುರಿಸುತ್ತಿರುವವರು ನಾವೇ.

ಹಳೆಯ ಚಿತ್ರಗಳ ಗತಿ ಇನ್ನೂ ಕೆಟ್ಟದ್ದು. 1970ರ ದಶಕದ ನಮ್ಮ ಬಹುತೇಕ ಸಿನಿಮಾಗಳ ಧ್ವನಿಪಥ ಮೋನೊ. ಅದನ್ನು ಎಲ್ಲ ಸ್ಪೀಕರುಗಳಿಗೂ ಹಂಚುವ ಮೋಡ್ ಒತ್ತಿದರೆ ಪಾತ್ರ ಪರದೆಯ ಮೇಲೆ, ದನಿ ಅಜ್ಜಿಯ ಹೆಗಲ ಮೇಲೆ. ಒಂದೇ ಶಬ್ದ ಎರಡು ಕಡೆಯಿಂದ ಬಂದಾಗ ಮೊದಲು ತಲುಪಿದ್ದರ ದಿಕ್ಕನ್ನೇ ಮಿದುಳು ನಂಬುತ್ತದೆ. ರಿಸೀವರ್ ಪ್ರತಿ ಸ್ಪೀಕರಿಗೂ ತಡ ಕೊಟ್ಟು ಇದನ್ನು ಸರಿದೂಗಿಸುತ್ತದೆ, ನಿಜ. ಆ ಲೆಕ್ಕವಾದರೂ ಮೈಕ್ ಇಟ್ಟ ಜಾಗದ್ದು. ಮೈಕ್ ಇಡುವುದು ಮತ್ತೆ ಯಜಮಾನರ ತಲೆಯಿರುವಲ್ಲಿ.

'ಭೌತಶಾಸ್ತ್ರವನ್ನು ಬದಲಿಸಲಾಗದು, ಪೂರ್ತಿ ಸರಿಯಾದ ಜಾಗ ಒಂದೇ ಇರಲು ಸಾಧ್ಯ' ಎಂದು ನನ್ನ ಇಂಜಿನಿಯರ್ ಗೆಳೆಯರು ವಾದಿಸುತ್ತಾರೆ. ಒಪ್ಪುತ್ತೇನೆ. ಆದರೆ ಒಬ್ಬರಿಗೆ ನೂರಕ್ಕೆ ನೂರು, ಉಳಿದ ನಾಲ್ವರಿಗೆ ಮೂವತ್ತು ಎಂಬುದೂ, ಐವರಿಗೂ ಎಪ್ಪತ್ತು ಎಂಬುದೂ ಎರಡು ಬೇರೆ ಆಯ್ಕೆಗಳು. ಇವೆರಡರಲ್ಲಿ ಯಾವುದು ಬೇಕೆಂದು ಭೌತಶಾಸ್ತ್ರ ಹೇಳುವುದಿಲ್ಲ, ನಾವು ಹೇಳಬೇಕು. ಎರಡನೆಯದನ್ನು ಆರಿಸಿಕೊಂಡರೆ ದಾರಿಗಳು ಕಷ್ಟದವಲ್ಲ. ಸೋಫಾ ಹಿಂಗೋಡೆಗೆ ಒತ್ತಿದ್ದರೆ ಸರೌಂಡುಗಳನ್ನು ತಲೆಯ ಹಿಂದೆ ಹಾಕುವ ಆಸೆ ಬಿಟ್ಟು ಬದಿಯ ಗೋಡೆಗೆ, ಕಿವಿಯ ನೇರಕ್ಕೆ ಅಥವಾ ತುಸು ಹಿಂದಕ್ಕೆ ಹಾಕಿ. 5.1ರ ಅಂತರರಾಷ್ಟ್ರೀಯ ಮಾನದಂಡ ಹೇಳುವುದು 100ರಿಂದ 120 ಡಿಗ್ರಿ. ಕಿವಿಗಿಂತ ಮೇಲಿರಲಿ, ಸೂರಿಗೆ ಅಂಟದಿರಲಿ. ಮುಖ ಹತ್ತಿರದವರ ಕಡೆ ಬೇಡ, ಎದುರು ತುದಿಯಲ್ಲಿ ಕೂತವರ ಕಡೆ ತಿರುಗಿರಲಿ. ಹಲವು ರಿಸೀವರುಗಳು ಆರೆಂಟು ಜಾಗಗಳಲ್ಲಿ ಮೈಕ್ ಇಟ್ಟು ಅಳೆಯಲು ಬಿಡುತ್ತವೆ. ಅವುಗಳಲ್ಲಿ ಒಂದು ಜಾಗ ಮೂಲೆಯ ಕುರ್ಚಿಯಾಗಲಿ. ನನ್ನಂತೆ ಬಾಡಿಗೆ ಮನೆಯಲ್ಲಿದ್ದು, ಗೋಡೆಗೆ ಮೊಳೆ ಹೊಡೆಯಲೂ ಓನರ್ ಮುಖ ನೋಡಬೇಕಾದವರಿಗೆ ಸ್ಟ್ಯಾಂಡುಗಳಿವೆ.

ಇನ್ನು ಸಾಹಿತ್ಯದ ನಮ್ಮವರ ಮಾತು. ನಾನು ಸಂಶೋಧನೆ ಮಾಡುತ್ತಿರುವುದು ಕನ್ನಡದ ರೇಡಿಯೊ ನಾಟಕಗಳ ಮೇಲೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೊ ಕೇಂದ್ರ ಆರಂಭಿಸಿದಂದಿನಿಂದ ನಮಗೆ ಕೇಳಿಸಿಕೊಳ್ಳುವುದರ ದೊಡ್ಡ ಚರಿತ್ರೆಯಿದೆ. ಅದಕ್ಕೂ ಹಿಂದಿನಿಂದ ತಾಳಮದ್ದಳೆಯಿದೆ, ಹರಿಕಥೆಯಿದೆ. ಆದರೂ ಕನ್ನಡದ ಸಿನಿಮಾ ವಿಮರ್ಶೆಯನ್ನು ತೆಗೆದು ನೋಡಿ. ಕಥೆಯ ಬಗ್ಗೆ ಪುಟಗಟ್ಟಲೆ, ಬಿಂಬದ ಬಗ್ಗೆ ಒಂದು ಪ್ಯಾರಾ, ಶಬ್ದದ ಬಗ್ಗೆ ಹೆಚ್ಚೆಂದರೆ 'ಹಿನ್ನೆಲೆ ಸಂಗೀತ ಪೂರಕವಾಗಿದೆ' ಎಂಬ ಒಂದು ವಾಕ್ಯ. ಹೇಳದೆ ಹೊಳೆಯಿಸುವ ಅರ್ಥಕ್ಕೆ 'ಧ್ವನಿ' ಎಂದು ಹೆಸರಿಟ್ಟು ಕಾವ್ಯಮೀಮಾಂಸೆ ಓದುವ ನಾವು, ಕಿವಿಗೆ ಬೀಳುವ ಧ್ವನಿಯನ್ನು ಮೆಕ್ಯಾನಿಕ್‌ಗೆ ಬಿಟ್ಟುಕೊಟ್ಟಿದ್ದೇವೆ. ಕೇಳುಗರು ಎಲ್ಲಿ ಕೂತಿದ್ದಾರೆ ಎಂದು ಕೇಳದ ವಿಮರ್ಶೆಗೂ, ಆ ಪ್ರಶ್ನೆ ಕೇಳದೆ ಗೋಡೆ ಕೊರೆಯುವ ಷೋರೂಮಿಗೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಇದು ಸಿರಿವಂತರ ತಲೆನೋವು ಎನ್ನುವವರಿಗೆ ಒಂದು ಮಾತು. ಪೆಟ್ಟಿಗೆಗಳ ಬೆಲೆ ಇಳಿದಿದೆ, ಕಂತಿನಲ್ಲಿ ಸಿಗುತ್ತವೆ, ಎರಡು ಕೋಣೆಯ ಮನೆಗಳಲ್ಲೂ ಇವೆ. ಕೋಣೆ ಸಣ್ಣದಾದಷ್ಟೂ ಗೋಡೆ ಕಿವಿಗೆ ಹತ್ತಿರ, ಅನ್ಯಾಯವೂ ಹತ್ತಿರ. ಗೋಡೆಯಾಚೆ ಪಕ್ಕದ ಮನೆಯಿದೆ. ವಸತಿ ಪ್ರದೇಶಕ್ಕೆ ಕಾನೂನು ಇಟ್ಟ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆ ಗೋಡೆಗೇ ಸ್ಪೀಕರ್ ಬಿಗಿದರೆ ಕಂಪನ ನೇರ ಅವರ ಮಂಚಕ್ಕೆ ಹೋಗುತ್ತದೆ.

ಡ್ರಿಲ್ ಹಿಡಿದವನು ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕುವ ಮುನ್ನ ಯಜಮಾನರು ಒಂದು ಕೆಲಸ ಮಾಡಲಿ. ನಡುವಿನ ಜಾಗ ಬಿಟ್ಟು ಎದ್ದು, ಮೂಲೆಯ ಕುರ್ಚಿಯಲ್ಲಿ ಒಂದು ಇಡೀ ಸಿನಿಮಾ ಕೂತು ಕೇಳಲಿ. ಆಮೇಲೆ ಗುರುತು ಹಾಕಿಸಲಿ.