ಕುತ್ತಿಗೆ ಒಣಗದ ಈರುಳ್ಳಿ ಉಳಿಯದು

ಏಪ್ರಿಲ್‌ನಲ್ಲಿ ಕಿತ್ತು ಅಟ್ಟಕ್ಕೇರಿಸಿದ ಈರುಳ್ಳಿ ಜೂನ್‌ನ ಮೊದಲ ಮಳೆಗೇ ಕೊಳೆತು ನಾರತೊಡಗಿದರೆ ಮನೆಯವರು ಮಳೆಯನ್ನೋ ಅಟ್ಟದ ತೇವವನ್ನೋ ದೂರುತ್ತಾರೆ. ಜಾಗದ ದೋಷವೂ ಇರಬಹುದು. ಆದರೆ ಹಿತ್ತಲಲ್ಲಿ ನಾಲ್ಕು ಮಡಿ ಈರುಳ್ಳಿ ಬೆಳೆಯುವವರು ಮೊದಲು ನೋಡಬೇಕಾದ್ದು ಅಟ್ಟವನ್ನಲ್ಲ, ಎಲೆಯೂ ಗಡ್ಡೆಯೂ ಕೂಡುವ ಕುತ್ತಿಗೆಯನ್ನು. ಗಡ್ಡೆ ಎಷ್ಟು ದಿನ ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲಿಯೇ, ಕೀಳುವ ಹಿಂದುಮುಂದಿನ ಕೆಲವೇ ವಾರಗಳಲ್ಲಿ ತೀರ್ಮಾನವಾಗುತ್ತದೆ.

ಈರುಳ್ಳಿಯ ಒಳಗಿನ ಪದರಗಳೆಲ್ಲ ಊದಿದ ಎಲೆಬುಡಗಳೇ. ಗಿಡ ಬೆಳೆಯುವಷ್ಟು ಕಾಲ ಹೊಸ ಎಲೆಗಳು ಕುತ್ತಿಗೆಯ ನಡುವಿನಿಂದ ಒಂದರ ಹಿಂದೊಂದು ಮೇಲೇಳುತ್ತಿರುತ್ತವೆ. ಹಾಗಾಗಿ ಕುತ್ತಿಗೆ ಗಟ್ಟಿಯಾಗಿ ನಿಂತಿರುತ್ತದೆ. ಗಡ್ಡೆ ತುಂಬಿದ ಮೇಲೆ ಹೊಸ ಎಲೆ ಬರುವುದು ನಿಲ್ಲುತ್ತದೆ. ಒಳಗೆ ಪೊಳ್ಳಾದ ಕುತ್ತಿಗೆ ಸೊಪ್ಪಿನ ಭಾರ ತಾಳದೆ ಬಾಗಿ ಬೀಳುತ್ತದೆ. ಮಡಿಯಲ್ಲಿ ಅರ್ಧದಷ್ಟು ಗಿಡಗಳು ಹೀಗೆ ತಾವಾಗಿ ಮಲಗಿದರೆ ಕೀಳುವ ಕಾಲ ಬಂತು. ಅದಕ್ಕೂ ಮೊದಲೇ ಕಿತ್ತರೆ ದಪ್ಪ ಕುತ್ತಿಗೆಯಲ್ಲಿ ಹಸಿ ಉಳಿದು, ಕೊಳೆರೋಗಕ್ಕೂ ಕಪ್ಪು ಬೂಷ್ಟಿಗೂ ಅದೇ ಬಾಗಿಲಾಗುತ್ತದೆ. ಇಡೀ ಮಡಿ ಒಣಗಲೆಂದು ಕಾಯುತ್ತ ಕುಳಿತರೂ ಕಷ್ಟ: ಮಣ್ಣಿನಲ್ಲೇ ಹೊರಸಿಪ್ಪೆ ಬಿರಿಯುತ್ತದೆ, ನಡುವೆ ಒಂದು ಮಳೆ ಬಿದ್ದರೆ ಗಡ್ಡೆ ಮತ್ತೆ ಬೇರು ಬಿಡುತ್ತದೆ.

ಬೇಗ ಬಲಿಯಲಿ ಎಂದು ನಿಂತ ಗಿಡಗಳನ್ನು ಕಾಲಿನಿಂದ ತುಳಿದು ಮಲಗಿಸುವವರಿದ್ದಾರೆ. ಬೇಸಿಗೆಯ ಬೆಳೆಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ. ಮುರಿದ ಕುತ್ತಿಗೆ ಮುಚ್ಚಿದ ಕುತ್ತಿಗೆಯಲ್ಲ. ಎಲೆಯಲ್ಲಿನ ಸತ್ವ ಗಡ್ಡೆಗೆ ಇಳಿಯುವುದೂ ಅರ್ಧಕ್ಕೇ ನಿಲ್ಲುತ್ತದೆ.

ನೀರು ನಿಲ್ಲಿಸುವುದಕ್ಕೆ ಮಾತ್ರ ಗಿಡವನ್ನು ಕೇಳಬೇಕಿಲ್ಲ. ಕೀಳುವ ಹತ್ತು-ಹದಿನೈದು ದಿನ ಮುಂಚೆಯೇ ಕಾಲುವೆ ಕಟ್ಟಿಬಿಡಬೇಕು. ಕಪ್ಪು ಮಣ್ಣು ಒಣಗಿ ಕಲ್ಲಾಗುತ್ತದೆ ಎಂಬುದು ನಿಜ. ಅಂಥಲ್ಲಿ ಗುದ್ದಲಿಯಿಂದ ಬುಡದ ಪಕ್ಕ ಸಡಿಲಿಸಿ ಎತ್ತಬೇಕೇ ಹೊರತು, ಕೀಳಲು ಸುಲಭವಾಗಲೆಂದು ಹಿಂದಿನ ದಿನ ನೀರು ಹಾಯಿಸಬಾರದು. ಯೂರಿಯಾ ವಿಷಯವೂ ಹೀಗೆಯೇ. ನಾಟಿ ಮಾಡಿ ಎರಡು ತಿಂಗಳಾದ ಮೇಲೆ ಸಾರಜನಕ ಕೊಟ್ಟರೆ ಸೊಪ್ಪು ಹಸಿರಾಗಿ ಕಣ್ಣಿಗೆ ಹಬ್ಬ. ಕುತ್ತಿಗೆ ಮಾತ್ರ ದಪ್ಪವಾಗಿಯೇ ಉಳಿಯುತ್ತದೆ.

ಕಿತ್ತ ಗಡ್ಡೆಗಳನ್ನು ಸೊಪ್ಪಿನ ಸಮೇತ ಹೊಲದಲ್ಲೇ ಸಾಲಾಗಿ ಹರಡುವುದು ನಮ್ಮ ರೈತರಿಗೆ ಗೊತ್ತಿರುವ ಕ್ರಮ. ಹಿಂದಿನ ಸಾಲಿನ ಗಡ್ಡೆಗಳ ಮೇಲೆ ಮುಂದಿನ ಸಾಲಿನ ಸೊಪ್ಪು ಬರಬೇಕು. ಇಲ್ಲವಾದರೆ ಏಪ್ರಿಲ್ ಬಿಸಿಲಿಗೆ ಗಡ್ಡೆಯ ಹೆಗಲು ಬೆಂದು ಬಿಳಿಚಿಕೊಂಡು, ಆಮೇಲೆ ಅಲ್ಲಿಂದಲೇ ಕೊಳೆಯುತ್ತದೆ. ಮೂರರಿಂದ ಐದು ದಿನ ಹೀಗೆ ಬಿಟ್ಟು, ನಂತರ ಗಾಳಿಯಾಡುವ ನೆರಳಿಗೆ ತಂದು ಇನ್ನೂ ಒಂದು ವಾರ, ಹತ್ತು ದಿನ ಒಣಗಿಸಬೇಕು. ದಿನದ ಲೆಕ್ಕಕ್ಕಿಂತ ಬೆರಳನ್ನು ನಂಬುವುದು ಮೇಲು. ಹೆಬ್ಬೆರಳು, ತೋರುಬೆರಳ ನಡುವೆ ಕುತ್ತಿಗೆಯನ್ನು ಹೊಸಕಿದಾಗ ಒಳಗೆ ಏನೂ ಜಾರಬಾರದು. ಬೇರು ಮುಟ್ಟಿದರೆ ಪುಡಿಯಾಗಬೇಕು. ಸಿಪ್ಪೆ ಸರಸರ ಸದ್ದು ಮಾಡಬೇಕು. ಆಗ ಎರಡು, ಎರಡೂವರೆ ಸೆಂಟಿಮೀಟರ್ ಕುತ್ತಿಗೆ ಬಿಟ್ಟು ಸೊಪ್ಪನ್ನು ಕತ್ತರಿಸಬಹುದು. ನೋಡಲು ಚೆಂದವಿರಲೆಂದು ಬುಡಕ್ಕೇ ಕತ್ತರಿಸಿದರೆ ಇಷ್ಟು ದಿನದ ಕಾಯುವಿಕೆ ವ್ಯರ್ಥ. ಜಡೆ ಹೆಣೆದು ತೂಗುಹಾಕುವವರಿಗೆ ಕತ್ತರಿಯೇ ಬೇಡ. ಯಾವ ಕಾರಣಕ್ಕೂ ತೊಳೆಯಬಾರದು.

ಜೋಡುಗಡ್ಡೆ, ಹೂದಂಡು ಎದ್ದದ್ದು, ಗುದ್ದಲಿ ತಗುಲಿದ್ದು, ಕುತ್ತಿಗೆ ಇನ್ನೂ ಮೆತ್ತಗಿರುವುದು ಇವೆಲ್ಲ ನೇರ ಅಡುಗೆಮನೆಗೆ ಹೋಗಲಿ. ಹೆಚ್ಚು ಮಿಕ್ಕರೆ ಸಂಡಿಗೆಗೆ ಹೆಚ್ಚಿಕೊಳ್ಳಿ, ಇಲ್ಲವೇ ತೆಳ್ಳಗೆ ಕೊಯ್ದು ಬಿಸಿಲಿಗೆ ಹಾಕಿ. ಈರುಳ್ಳಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಹತ್ತು ಕೆ.ಜಿ. ಒಣಗಿದರೆ ಕೈಗೆ ಸಿಗುವುದು ಸುಮಾರು ಒಂದು ಕೆ.ಜಿ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮಳೆಗಾಲದ ಸಾರಿಗೆ ಧಾರಾಳ.

ಇಷ್ಟೂ ಹೇಳಿದ್ದು ಬೇಸಿಗೆಯಲ್ಲಿ ಕೀಳುವ ಹಿಂಗಾರಿನ ಬೆಳೆಯ ಬಗ್ಗೆ. ಗದಗ, ಚಿತ್ರದುರ್ಗದ ಕಡೆ ಹೆಚ್ಚಾಗಿ ಬೆಳೆಯುವ ಮುಂಗಾರಿನ ಉಳ್ಳಾಗಡ್ಡಿಯ ಸ್ವಭಾವವೇ ಬೇರೆ. ಅದರ ಸೊಪ್ಪು ಸರಿಯಾಗಿ ತಾನಾಗಿ ಬೀಳುವುದಿಲ್ಲ. ತುದಿ ಒಣಗಿ, ಎಲೆ ಹಳದಿಗೆ ತಿರುಗಿ, ಗಡ್ಡೆಗೆ ಕೆಂಪು ಬಣ್ಣ ಬಂದದ್ದನ್ನು ನೋಡಿಯೇ ಕೀಳಬೇಕು. ಕಿತ್ತದ್ದು ಒಣಗಲು ಮಳೆ ಬಿಡುವುದಿಲ್ಲ; ಮೊಳಕೆಯೊಡೆಯದೆ ಸುಮ್ಮನಿರುವ ಅವಧಿಯೂ ಅದಕ್ಕೆ ಕಡಿಮೆ. ರೈತರು ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮನೆಮಟ್ಟಿಗೆ ಬೆಳೆಯುವವರು ಮುಂಗಾರಿನದನ್ನು ತಿಂದು ಮುಗಿಸಿ, ಕೂಡಿಡಲು ಹಿಂಗಾರಿನದನ್ನೇ ನೆಚ್ಚಿಕೊಳ್ಳಬೇಕು. ತಳಿಯನ್ನೂ ಹಾಗೆಯೇ ಆರಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್, ಪುಣೆ ಬಳಿಯ ರಾಜಗುರುನಗರದ ಕೇಂದ್ರದಿಂದ ಬಂದ ಭೀಮಾ ಕಿರಣ್, ಭೀಮಾ ಶಕ್ತಿ ಬಾಳಿಕೆಗೆ ಹೆಸರಾದವು.

ಇಡುವ ಜಾಗಕ್ಕೆ ತಂಪು ಬೇಕೆಂಬ ನಂಬಿಕೆ ಫ್ರಿಜ್ ಬಂದ ಮೇಲೆ ಬಲವಾಗಿದೆ. ಈರುಳ್ಳಿ ಅದನ್ನು ಒಪ್ಪುವುದಿಲ್ಲ. ಒಂದೋ ಸೊನ್ನೆ ಡಿಗ್ರಿಯ ಆಸುಪಾಸಿನ ಶೀತಲಗೃಹ ಬೇಕು, ಇಲ್ಲವೇ 25ರಿಂದ 30 ಡಿಗ್ರಿಯ ಬೆಚ್ಚನೆಯ ಒಣ ಗಾಳಿ. ಇವೆರಡರ ನಡುವೆ, ಮುಖ್ಯವಾಗಿ 10ರಿಂದ 20 ಡಿಗ್ರಿಯಲ್ಲಿ, ಮೊಳಕೆ ಬೇಗ ಬರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಇದರ ಮೇಲೆ ತೇವದ ಕಾಟ ಬೇರೆ. ಬಿದಿರ ತಟ್ಟೆ, ಬಲೆಚೀಲ, ನೆಲದಿಂದ ಎತ್ತರಕ್ಕೆ ಕಟ್ಟಿದ ಮಂಚಿಕೆ, ಹೀಗೆ ಕೆಳಗಿನಿಂದಲೂ ಗಾಳಿ ಬರುವುದು ಯಾವುದಾದರೂ ಸರಿ. ಪ್ಲಾಸ್ಟಿಕ್ ಚೀಲ ಬೇಡ. ತೇವ ಬಿಡುವ ಆಲೂಗಡ್ಡೆಯ ನೆರೆಯೂ ಬೇಡ. ವಾರಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ಆರಿಸಿ ತೆಗೆಯುತ್ತಿರಬೇಕು.

ಆಗಸ್ಟ್ ಹೊತ್ತಿಗೆ ಕೆಲವು ಮೊಳಕೆಯೊಡೆಯುತ್ತವೆ. ಅವನ್ನು ಎಸೆಯಬೇಕಿಲ್ಲ, ಮೊಳಕೆ ಸಮೇತ ಪಲ್ಯಕ್ಕೆ ಹೆಚ್ಚಬಹುದು. ಆದರೆ ಬೀಜಕ್ಕೆಂದು ನೆಡಬೇಡಿ. ಅಕ್ಟೋಬರ್-ನವೆಂಬರ್‌ವರೆಗೂ ಅಲುಗದೆ ಗಟ್ಟಿಯಾಗಿ ಉಳಿದ ಗಡ್ಡೆಗಳನ್ನು ಬೀಜಕ್ಕೆ ಆರಿಸಿ ನೆಟ್ಟರೆ, ಚಳಿಗಾಲದಲ್ಲಿ ಹೂದಂಡು ಎದ್ದು ಬೇಸಿಗೆಯ ಹೊತ್ತಿಗೆ ಬೀಜ ಕೈಗೆ ಬರುತ್ತದೆ. ಹೂವಿಗೆ ಜೇನುನೊಣ ಬರಬೇಕಾದ್ದರಿಂದ ಆ ಮಡಿಗೆ ಕೀಟನಾಶಕ ಸಿಂಪಡಿಸಬಾರದು. ಬೀಜವನ್ನು ಮುಂದಿನ ಹಂಗಾಮಿಗೇ ಬಿತ್ತಿಬಿಡಿ. ಈರುಳ್ಳಿ ಬೀಜದ ಮೊಳೆಯುವ ಶಕ್ತಿ ಒಂದು ವರ್ಷ ದಾಟಿದರೆ ಬೇಗ ಕುಗ್ಗುತ್ತದೆ.