ವೀಸಾ ನಿಮ್ಮದಲ್ಲ, ಕಂಪನಿಯದು!

ಕನ್ನಡಿಗರೇ, ಮಗನಿಗೋ ಮಗಳಿಗೋ ಅಮೆರಿಕದ ವೀಸಾ ಸಿಕ್ಕಿತೆಂದು ಸಿಹಿ ಹಂಚುವ ಮುನ್ನ ಒಂದು ಕ್ಷಣ ಯೋಚಿಸಿ. ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವುದು ನಿಮ್ಮ ಮಕ್ಕಳಲ್ಲ, ಅವರ ಕಂಪನಿ! 1990ರ ಕಾನೂನು ಹುಟ್ಟುಹಾಕಿದ ವ್ಯವಸ್ಥೆಯಿದು. ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿಯೋ ಬೇರೆ ದಾರಿಯೋ ಸಿಗದಿದ್ದರೆ ಹೆಂಡತಿ ಮಕ್ಕಳೊಡನೆ ಗಂಟುಮೂಟೆ ಕಟ್ಟಬೇಕು.

ಈ ಭಯವೇ ಕೆಲವು ಗುತ್ತಿಗೆ ಕಂಪನಿಗಳಿಗೆ ಬಂಡವಾಳ. ಪ್ರಾಜೆಕ್ಟ್ ಇಲ್ಲವೆಂದು ಸಂಬಳವಿಲ್ಲದೆ ಬೆಂಚಿನಲ್ಲಿ ಕೂರಿಸುತ್ತಾರೆ. ತಾವೇ ಕಟ್ಟಬೇಕಾದ ಅರ್ಜಿ ಶುಲ್ಕವನ್ನು ದುಡಿಯುವವರ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಇವೆರಡೂ ಅಮೆರಿಕದ ಕಾನೂನಿಗೇ ವಿರುದ್ಧ! ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು?

2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೇರುವ ಆದೇಶ ಹೊರಟಿತು. ಒಂದೇ ಒಂದು ಸಹಿ! ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಟ್ಟಿತು.

ಹೋಗಬೇಡಿ ಎನ್ನುತ್ತಿಲ್ಲ. ದುಡಿಮೆಗೆ ಹೋಗಿ, ಜೀತಕ್ಕಲ್ಲ. ಇಷ್ಟು ಸಂಬಳ ಕೊಡುತ್ತೇವೆಂದು ಅಲ್ಲಿನ ಕಾರ್ಮಿಕ ಇಲಾಖೆಗೆ ಕಂಪನಿ ಬರೆದುಕೊಟ್ಟ ಪತ್ರದ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದೊಳಗೆ ನಿಮಗೆ ಕೊಡಲೇಬೇಕು. ಕೇಳಿ ಪಡೆಯಿರಿ. ಸಂಬಳ ತಪ್ಪಿದರೆ 12 ತಿಂಗಳೊಳಗೆ ಅದೇ ಇಲಾಖೆಗೆ ದೂರು ಕೊಡಿ. ವೀಸಾ ಕಂಪನಿಯದಿರಬಹುದು, ನಿಮ್ಮ ಬೆವರು ನಿಮ್ಮದೇ!