ನಡೆಯುವವರಿಗೂ ದಾರಿ ಬಿಡಿರಿ

ಮುಂಬಯಿಯಲ್ಲಿ ಕಾಲ್ನಡಿಗೆಯವರಿಗೆ ಜಾಗವೆಲ್ಲಿ ಎಂದು ಕೇಳಿದರೆ ಆಡಳಿತ ಆಕಾಶದತ್ತ ಬೆರಳು ತೋರಿಸುತ್ತದೆ! 2008ರಲ್ಲಿ ಬಾಂದ್ರಾದಲ್ಲಿ ಮೊದಲ ಸ್ಕೈವಾಕ್ ಎದ್ದಿತು, ಆಮೇಲೆ ಹತ್ತಾರು. ಮೊಣಕಾಲು ನೋವಿನ ಅಜ್ಜಿ, ತರಕಾರಿ ಚೀಲ ಹೊತ್ತ ಗೃಹಿಣಿ ಮೆಟ್ಟಲು ಹತ್ತಿ ಇಳಿಯಬೇಕು. ನೆಲ ಮಾತ್ರ ಕಾರಿನವರಿಗೆ. ಬಾಂದ್ರಾ ಪೂರ್ವದ ಆ ಸ್ಕೈವಾಕ್ ಒಂದೂವರೆ ದಶಕ ತುಂಬುವ ಮೊದಲೇ ಶಿಥಿಲವಾಗಿ ಕೆಡವಿಸಿಕೊಂಡಿತು.

ಫುಟ್‌ಪಾತ್ ಇರುವುದು ನಡೆಯುವವರಿಗಾಗಿ ಎಂದು ಸುಪ್ರೀಮ್ ಕೋರ್ಟು 1985ರಲ್ಲೇ, ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಹೇಳಿದೆ. ಬಡವರ ಜೋಪಡಿ ಕೀಳುವಾಗ ಈ ಮಾತು ಅಧಿಕಾರಿಗಳಿಗೆ ತಟ್ಟನೆ ನೆನಪಾಗುತ್ತದೆ. ಅದೇ ಫುಟ್‌ಪಾತಿನ ಮೇಲೆ ಶ್ರೀಮಂತರ ಮೋಟಾರು ನಿಂತಿದ್ದರೆ? ಮರೆವು! 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯ ಹಕ್ಕಿನ ಭಾಗವೆಂದಿತು. ಇನ್ನು ಯಾವ ಆಜ್ಞೆಗಾಗಿ ಕಾಯುತ್ತಿದ್ದಾರೆ?

ಹಣವಿಲ್ಲವೆಂಬ ರಾಗವನ್ನು ನಾವು ಒಪ್ಪೆವು. ಸಾವಿರಾರು ಕೋಟಿ ಸುರಿದು ಕಟ್ಟಿದ ಕರಾವಳಿ ರಸ್ತೆಯನ್ನು 2024ರಲ್ಲಿ ತೆರೆದಾಗ, ಅದರ ಮೇಲೆ ಸೈಕಲ್ಲಿಗೂ ಪ್ರವೇಶವಿಲ್ಲ, ಸ್ಕೂಟರಿಗೂ ಇಲ್ಲ. ಚೆನ್ನೈ ನಗರಪಾಲಿಕೆಯಾದರೋ 2014ರಲ್ಲೇ ಸಾರಿಗೆ ಖರ್ಚಿನ ಕನಿಷ್ಠ ಶೇ. 60 ಭಾಗ ನಡಿಗೆ-ಸೈಕಲ್ಲುಗಳಿಗೆ ಮೀಸಲೆಂದು ನೀತಿ ಬರೆಯಿತು. 2019ರಲ್ಲಿ ಪಾಂಡಿ ಬಜಾರಿನಲ್ಲಿ ಅಗಲವಾದ ಕಾಲುದಾರಿಯನ್ನೂ ಮಾಡಿ ತೋರಿಸಿತು. ಅಲ್ಲಿಯೂ ಬರೆದದ್ದೆಲ್ಲ ನಡೆದಿಲ್ಲ, ನಿಜ. ಆದರೆ ಬರೆಯುವ ಧೈರ್ಯವಾದರೂ ಇತ್ತು.

ಮುಂಬಯಿ ಪಾಲಿಕೆ ಪ್ರತಿಯೊಂದು ವಾರ್ಡಿನ ಲೆಕ್ಕ ಪ್ರಕಟಿಸಲಿ: ಎಷ್ಟು ರಸ್ತೆ, ಎಷ್ಟು ಫುಟ್‌ಪಾತ್, ಅದರಲ್ಲಿ ಎಷ್ಟು ನಡೆಯಲು ಯೋಗ್ಯ. ನಮ್ಮ ಓದುಗರು ತಂತಮ್ಮ ವಾರ್ಡ್ ಕಚೇರಿಗೆ ಈ ತಿಂಗಳೇ ಬರೆದು ಕೇಳಲಿ.